ಅಂಬಾರಿಗೆ ತಾಲೀಮು ಇದೆ, ವೀಲ್‌ಚೇರಿಗೆ ಯಾಕಿಲ್ಲ?

(ಮೈಸೂರಿನ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

2022ರ ನವೆಂಬರ್ ತಿಂಗಳು ನಿಮಗೆಲ್ಲ ನೆನಪಿರಬೇಕು. ನಮ್ಮ ಊಟಿ ರಸ್ತೆಯ ಒಂದು ಬಸ್ ತಂಗುದಾಣ ಇಡೀ ರಾಜ್ಯದ ಪೇಪರುಗಳಲ್ಲಿ ಬಂತು, ಟಿವಿಯಲ್ಲೂ ಬಂತು. ಅದರ ಮೇಲೆ ಮೂರು ಗುಮ್ಮಟ ಇದ್ದವು. ಅದು ಮಸೀದಿ ಥರ ಕಾಣುತ್ತದೋ ಅರಮನೆ ಥರ ಕಾಣುತ್ತದೋ ಅಂತ ಜಗಳ. ಕೊನೆಗೆ ಅಕ್ಕಪಕ್ಕದ ಎರಡು ಚಿಕ್ಕ ಗುಮ್ಮಟ ತೆಗೆದರು, ನಡುವಿನದ್ದಕ್ಕೆ ಕೆಂಪು ಬಣ್ಣ ಬಳಿದರು. ಅಲ್ಲಿಗೆ ಮುಗಿಯಿತು.

ಯಾರು ಸರಿ, ಯಾರು ತಪ್ಪು ಅನ್ನೋದು ಇವತ್ತಿನ ವಿಷಯ ಅಲ್ಲ. ನನ್ನ ತಕರಾರೇ ಬೇರೆ. ಅಷ್ಟು ದಿನ, ಅಷ್ಟು ಜನ ಆ ತಂಗುದಾಣದ ನೆತ್ತಿಯನ್ನೇ ನೋಡಿದರು. ಅದರ ಕಾಲಡಿ ಏನಿದೆ ಅನ್ನುವ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಒಳಗೆ ಹೋಗಲು ಮೆಟ್ಟಿಲು ಹತ್ತಬೇಕಾ? ಎಷ್ಟು ಎತ್ತರ? ಒಂದು ವೀಲ್‌ಚೇರ್ ನಿಲ್ಲಿಸೋಕೆ ಜಾಗ ಇದೆಯಾ? ಬಸ್ ಬಂದು ನಿಲ್ಲೋದು ಅದರ ಮುಂದೆಯಾ ಅಥವಾ ಹತ್ತು ಮಾರು ಆಚೆಯಾ?

ಮೈಸೂರಿನವರಿಗೆ ತಲೆ ಎತ್ತಿ ನೋಡುವ ಅಭ್ಯಾಸ ಸ್ವಲ್ಪ ಜಾಸ್ತಿ. ತಪ್ಪೇನಲ್ಲ, ನೋಡೋಕೆ ಅಷ್ಟಿದೆ. ದೊಡ್ಡ ಗಡಿಯಾರ ಇದೆ, ಚಿಕ್ಕ ಗಡಿಯಾರ ಇದೆ, ಟೌನ್ ಹಾಲ್ ಇದೆ, ಅರಮನೆ ಇದೆ. ಆದರೆ ಇವತ್ತು ಸ್ವಲ್ಪ ಹೊತ್ತು ಎಲ್ಲರೂ ಕೆಳಗೆ ನೋಡೋಣ. ನಾನು ಮಾತಾಡಲು ಬಂದಿರುವುದು ನೆಲದಿಂದ ಅರ್ಧ ಅಡಿ ಎತ್ತರದೊಳಗೆ ನಡೆಯುವ ವ್ಯವಹಾರದ ಬಗ್ಗೆ.

ಇದು ಯಾರ ವಿಷಯ ಅಂತ ಮೊದಲು ಹೇಳಿಬಿಡುತ್ತೇನೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಅಂದರೆ ನೂರಕ್ಕೆ ಎರಡು ಚಿಲ್ಲರೆ. ಈ ಲೆಕ್ಕ ಹೇಳಿದ ಕೂಡಲೇ ‘ನೂರಕ್ಕೆ ಇಬ್ಬರಿಗಾಗಿ ಇಷ್ಟೆಲ್ಲ ಬೇಕಾ ಸಾರ್’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ: ನಿಮ್ಮ ಮನೆಯಲ್ಲಿ ಮಂಡಿ ನೋವಿರುವವರು ಎಷ್ಟು ಜನ, ಎಣಿಸಿ. ಅವರು ಯಾವ ಗಣತಿಯಲ್ಲೂ ಅಂಗವಿಕಲರಲ್ಲ. ಹೆರಿಗೆಗೆ ದಿನ ಎಣಿಸುತ್ತಾ ಚೆಲುವಾಂಬ ಆಸ್ಪತ್ರೆಗೆ ಬರುವ ಹೆಣ್ಣುಮಗಳೂ ಅಲ್ಲ. ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡ ತಾತನೂ ಅಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಹತ್ತುವ ವಯಸ್ಸಾದ ಹೆಂಗಸರನ್ನು ಗಮನಿಸಿದ್ದೀರಾ? ಟಿಕೆಟ್ ಬಿಟ್ಟಿ. ಆದರೆ ಮೊದಲ ಮೆಟ್ಟಿಲು ಇನ್ನೂ ಅಷ್ಟೇ ಎತ್ತರ. ಬಾಗಿಲ ಕಂಬಿ ಹಿಡಿದು ‘ಅಯ್ಯಪ್ಪಾ’ ಅಂತ ಮೈ ಮೇಲೆತ್ತಿಕೊಳ್ಳುವುದನ್ನು ದಿನಾ ನೋಡುತ್ತೇವೆ, ಅಲ್ವಾ?

ಈಗ ಅಳತೆಗೆ ಬರೋಣ. ನಿಯಮಗಳ ಪುಸ್ತಕ ದಪ್ಪ ಇದೆ. ಇಂಡಿಯನ್ ರೋಡ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಒಂದು ಕೈಪಿಡಿ ಮಾಡಿದೆ, 103ನೇ ನಂಬರಿನದ್ದು. ಅದರ ಪ್ರಕಾರ ಮನೆಗಳಿರುವ ಕಡೆ ನಡೆಯಲು ಅಡೆತಡೆ ಇಲ್ಲದ 1.8 ಮೀಟರ್ ಅಗಲ ಇರಬೇಕು, ಅಂಗಡಿ ಬೀದಿಯಲ್ಲಿ ಇನ್ನೂ ಜಾಸ್ತಿ. ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರಿಗೆ ಮೀರಿ ಎತ್ತರ ಇರಬಾರದು. ವೀಲ್‌ಚೇರ್ ರಸ್ತೆಯಿಂದ ಫುಟ್‌ಪಾತಿಗೆ ಹತ್ತುವ ಇಳಿಜಾರು ಒಂದಕ್ಕೆ ಹನ್ನೆರಡು. ಈ ಕೊನೆಯದು ಬಹಳ ಮುಖ್ಯ. ಆದರೆ ‘ಒಂದಕ್ಕೆ ಹನ್ನೆರಡು’ ಅಂದರೆ ಕೆಲಸ ಮಾಡುವವರಿಗೆ ತಲೆಗೆ ಹೋಗಲ್ಲ. ನಮ್ಮ ಮೇಸ್ತ್ರಿಗಳಿಗೆ ನಾನು ಹೇಳೋದು ‘ಅಡಿಗೆ ಒಂದಿಂಚು’. ಒಂದಡಿ ಮುಂದೆ ಹೋದರೆ ಒಂದಿಂಚು ಏರಬೇಕು, ಅದಕ್ಕಿಂತ ಜಾಸ್ತಿ ಏರಬಾರದು. ಎರಡೂ ಒಂದೇ ಲೆಕ್ಕ.

ಇದನ್ನು ನೋಡಿ, ಎರಡು ಅಡಿಯ ರಸಮಟ್ಟ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಗಾರೆ ಕೆಲಸದವರ ಹತ್ತಿರ ಇದ್ದೇ ಇರುತ್ತದೆ. ಇದನ್ನು ಇಳಿಜಾರಿನ ಮೇಲೆ ಉದ್ದಕ್ಕೆ ಇಡಿ. ತಗ್ಗಿನ ಕಡೆಯ ತುದಿಯನ್ನು ನಿಧಾನಕ್ಕೆ ಎತ್ತಿ. ಗುಳ್ಳೆ ನಡುವೆ ಬಂದು ನಿಂತಾಗ ಆ ತುದಿಯ ಕೆಳಗೆ ಎಷ್ಟು ಸಂದು ಇದೆ, ಟೇಪಿನಲ್ಲಿ ಅಳೆಯಿರಿ. ಎರಡು ಇಂಚಿನ ಒಳಗಿದ್ದರೆ ಪಾಸ್. ನಾಲ್ಕು ಇಂಚು ಬಂದರೆ ಅದು ಇಳಿಜಾರಲ್ಲ, ಜಾರುಬಂಡೆ. ನಾಳೆ ಬೆಳಿಗ್ಗೆ ವಾಕಿಂಗ್ ಹೋಗುವಾಗ ಒಂದು ಹಿಡಿದುಕೊಂಡು ಹೋಗಿ. ಜನ ಒಂಥರಾ ನೋಡುತ್ತಾರೆ, ನೋಡಲಿ.

ಹಳೇ ಊರಿನ ಒಂದು ಮೂಲೆಯಲ್ಲಿ ಹೀಗೆ ಅಳತೆ ಮಾಡಿದ್ದನ್ನು ಹೇಳುತ್ತೇನೆ. ಯಾವ ಮೂಲೆ ಅಂತ ಹೇಳಲ್ಲ, ಅಂಥವು ಬೇಕಾದಷ್ಟಿವೆ. ಅಲ್ಲಿ ಇಳಿಜಾರು ಮಾಡಿದ್ದಾರೆ. ಇಳಿಜಾರು ಅಡಿಗೆ ಇಂಚಿನ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದರೆ ಅದು ಶುರುವಾಗುವ ಕಡೆ, ರಸ್ತೆಗೂ ಅದಕ್ಕೂ ಮಧ್ಯೆ, ಕರ್ಬ್ ಕಲ್ಲು, ಅಂದರೆ ಫುಟ್‌ಪಾತಿನ ಅಂಚಿನ ಕಲ್ಲು, ಒಂದಿಂಚು ಎದ್ದಿದೆ. ನಿಮಗೆ ನನಗೆ ಅದು ಲೆಕ್ಕಕ್ಕೇ ಇಲ್ಲ. ವೀಲ್‌ಚೇರಿನ ಮುಂದಿನ ಗಾಲಿ ಇದೆಯಲ್ಲ, ಅದು ಅಂಗೈ ಅಗಲದ್ದು. ಒಂದಿಂಚಿಗೆ ತಾಗಿ ತಟಕ್ಕಂತ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಸರಿ, ಯಾರೋ ಹಿಂದಿನಿಂದ ಎತ್ತಿ ದಾಟಿಸಿದರು ಅಂದುಕೊಳ್ಳಿ. ಇಳಿಜಾರಿನ ಮಧ್ಯದಲ್ಲಿ ಒಳಚರಂಡಿಯ ಚೇಂಬರ್. ಅದರ ಮುಚ್ಚಳ ಎರಡು ಇಂಚು ಮೇಲೆ. ಅದನ್ನೂ ಸುತ್ತಿ ಹೋದರೆ, ಮೇಲೆ ತಲುಪಿದ ಜಾಗದಲ್ಲೇ ಕರೆಂಟ್ ಕಂಬ, ಪಕ್ಕದಲ್ಲಿ ಅದನ್ನು ಎಳೆದು ಕಟ್ಟಿದ ತಂತಿ. ಉಳಿದ ಜಾಗ ಒಂದೂವರೆ ಅಡಿ. ವೀಲ್‌ಚೇರಿಗೆ ಸುಮಾರು ಮೂರಡಿ ಬೇಕು. ಹಾಗಾಗಿ ಆ ಇಳಿಜಾರು ಎಲ್ಲಿಗೂ ಹೋಗಲ್ಲ. ಆದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಬಿಲ್ ಪಾಸಾಗೋಕೆ ಫೋಟೋ ಸಾಕು.

ಫುಟ್‌ಪಾತ್ ಇಷ್ಟು ಎತ್ತರ ಯಾಕಾಯಿತು ಅನ್ನೋದಕ್ಕೂ ಒಂದು ಕಥೆ ಇದೆ. ನಮ್ಮಲ್ಲಿ ಬಹಳ ಕಡೆ ಫುಟ್‌ಪಾತ್ ಅಂದರೆ ಚರಂಡಿ ಮೇಲಿನ ಚಪ್ಪಡಿ, ಅಷ್ಟೇ. ಚರಂಡಿ ಕಟ್ಟುವವರು ನೀರಿನ ಲೆಕ್ಕ ನೋಡುತ್ತಾರೆ, ನಡೆಯುವವರ ಲೆಕ್ಕ ಅಲ್ಲ. ಇನ್ನೊಂದು ಕಡೆ ರಸ್ತೆಗೆ ಡಾಂಬರು. ಹಳೇ ಪದರವನ್ನು ಕೆರೆದು ತೆಗೆದು ಹೊಸದು ಹಾಕಬೇಕು. ಕೆರೆಯೋದಿಲ್ಲ, ಅದರ ಮೇಲೇ ಸುರಿಯುತ್ತಾರೆ. ಪ್ರತಿ ಸಲ ರಸ್ತೆ ಒಂದೆರಡು ಇಂಚು ಮೇಲೆ ಬರುತ್ತದೆ. ಕೆಲವು ವರ್ಷಕ್ಕೆ ಫುಟ್‌ಪಾತ್ ರಸ್ತೆಗೆ ಸಮ ಆಗಿಬಿಡುತ್ತದೆ, ಮಳೆ ನೀರು ಅಂಗಡಿಗೆ ನುಗ್ಗುತ್ತದೆ. ಅಂಗಡಿಯವರು ಗಲಾಟೆ ಮಾಡುತ್ತಾರೆ. ಆಗ ಫುಟ್‌ಪಾತನ್ನು ಒಂದಡಿ ಎತ್ತರಿಸುತ್ತಾರೆ. ಈಗ ಅಂಗಡಿ ಗುಂಡಿಯಲ್ಲಿ, ಫುಟ್‌ಪಾತ್ ಗೋಡೆ ಮೇಲೆ. ಒಂದಡಿ ಎತ್ತರ ಹತ್ತಲು ಅಡಿಗೆ ಇಂಚಿನಂತೆ ಹನ್ನೆರಡು ಅಡಿ ಇಳಿಜಾರು ಬೇಕು. ಅಷ್ಟು ಜಾಗ ಎಲ್ಲಿದೆ? ಇಲ್ಲ. ಆಗ ಎಂಜಿನಿಯರು ‘ಹಳೇ ಊರು ಸಾರ್, ಇಲ್ಲಿ ಇದೆಲ್ಲ ಆಗಲ್ಲ’ ಅನ್ನುತ್ತಾರೆ. ಹಳೇ ಊರಿನ ತಪ್ಪೇನಿದೆ ಇದರಲ್ಲಿ? ಡಾಂಬರು ಸುರಿದದ್ದು ಹೋದ ವರ್ಷ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದಸರಾ ಹತ್ತಿರ ಬಂದಾಗ ನಮ್ಮೂರಲ್ಲಿ ಏನು ನಡೆಯುತ್ತದೆ? ಆನೆಗಳು ಕಾಡಿನಿಂದ ಬರುತ್ತವೆ. ತಾಲೀಮು ಶುರು. ಮೊದಲು ಸುಮ್ನೆ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ ಹೊರಿಸುತ್ತಾರೆ, ದಿನ ಕಳೆದಂತೆ ತೂಕ ಏರಿಸುತ್ತಾರೆ. ಆಮೇಲೆ ಮರದ ಅಂಬಾರಿ. ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್. ಆ ಪೂರ್ತಿ ದಾರಿ ನಡೆಸುತ್ತಾರೆ. ಅರ್ಧ ದಾರಿ ನಡೆಸಿ ‘ಮಿಕ್ಕಿದ್ದು ಹೀಗೇ ಇರುತ್ತೆ ಬಿಡು’ ಅನ್ನಲ್ಲ. ಅಂಬಾರಿಗೆ ತಾಗುವ ಕೊಂಬೆ ಎಲ್ಲಿದೆ, ಜೋತುಬಿದ್ದ ತಂತಿ ಎಲ್ಲಿದೆ, ಎಲ್ಲ ಮುಂಚೆಯೇ ಗೊತ್ತಾಗಿ ತೆಗೆದಿರುತ್ತಾರೆ. 750 ಕೆ.ಜಿ. ಅಂಬಾರಿಗೆ ದಾರಿ ಸುಗಮ ಮಾಡುವುದು ಹೇಗೆ ಅಂತ ಈ ಊರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಅದೇ ರಸ್ತೆಯ ಫುಟ್‌ಪಾತಿನಲ್ಲಿ ಒಂದು ವೀಲ್‌ಚೇರ್ ಇಟ್ಟುಕೊಂಡು, ಒಂದು ಬಿಳಿ ಕೋಲು ಹಿಡಿದುಕೊಂಡು, ಈ ತುದಿಯಿಂದ ಆ ತುದಿಗೆ ತಾಲೀಮು ಯಾಕೆ ಮಾಡಬಾರದು?

ನಾವು ಮಾಡುವುದೆಲ್ಲ ಬಿಡಿ ಬಿಡಿ. ಇಲ್ಲೊಂದು ಇಳಿಜಾರು, ಅಲ್ಲೊಂದು ತಂಗುದಾಣ, ಇನ್ನೆಲ್ಲೋ ಕಣ್ಣು ಕಾಣದವರಿಗೆ ಅಂತ ನಾಲ್ಕು ಹಳದಿ ಟೈಲ್ಸ್. ಆದರೆ ಪ್ರಯಾಣ ಬಿಡಿ ಬಿಡಿಯಾಗಿ ಇರುವುದಿಲ್ಲ. ಮನೆ ಬಾಗಿಲು, ಗಲ್ಲಿ, ಫುಟ್‌ಪಾತ್, ರಸ್ತೆ ದಾಟುವ ಜಾಗ, ಸ್ಟಾಪು, ಬಸ್ಸು, ಮತ್ತೆ ಸ್ಟಾಪು, ಮತ್ತೆ ಫುಟ್‌ಪಾತ್, ಆಮೇಲೆ ಆಸ್ಪತ್ರೆ ಗೇಟು. ಇದರಲ್ಲಿ ಒಂದೇ ಒಂದು ಕೈಕೊಟ್ಟರೂ ಆ ಮನುಷ್ಯ ಮನೆಯಿಂದಲೇ ಹೊರಡಲ್ಲ. ವೀಲ್‌ಚೇರ್ ಬಳಸುವ ಗೆಳೆಯರೊಬ್ಬರಿದ್ದಾರೆ. ಅವರ ಹತ್ತಿರ ಬಸ್ ಪಾಸ್ ಇದೆ. ಆದರೂ ಕೆಲಸಕ್ಕೆ ದಿನಾ ಆಟೋ. ‘ಪಾಸ್ ಯಾಕೆ ಇಟ್ಕೊಂಡಿದ್ದೀರಿ’ ಅಂದೆ. ‘ಅಡ್ರೆಸ್ ಪ್ರೂಫಿಗೆ’ ಅಂದರು. ನಗುತ್ತಾ ಹೇಳಿದರು, ಆದರೆ ಸಂಬಳದ ಎಷ್ಟು ಭಾಗ ಆಟೋಗೆ ಹೋಗುತ್ತದೆ ಅನ್ನೋದು ಅವರಿಗೇ ಗೊತ್ತು.

ಹಾಗಾಗಿ ಇಡೀ ಊರನ್ನು ಒಂದೇ ಸಲ ಸರಿ ಮಾಡೋಣ ಅನ್ನುವ ಯೋಜನೆ ನನಗೆ ಬೇಡ. ಅಂಥದ್ದು ಕಡತದಲ್ಲೇ ಉಳಿಯುತ್ತದೆ. ಒಂದು ದಾರಿ ಆರಿಸಿಕೊಳ್ಳೋಣ. ಸಿಟಿ ಬಸ್ ನಿಲ್ದಾಣದಿಂದ ಕೆ.ಆರ್. ಸರ್ಕಲ್, ಅಲ್ಲಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆ ದಾಟಿ, ಆಯುರ್ವೇದ ಕಾಲೇಜು ಸರ್ಕಲ್, ಕೆ.ಆರ್. ಆಸ್ಪತ್ರೆ. ಒಂದು ಕಿಲೋಮೀಟರಿನ ಆಸುಪಾಸು. ಸುತ್ತಲ ಜಿಲ್ಲೆಗಳ ಬಡವರು ಕಾಯಿಲೆ ಹೊತ್ತುಕೊಂಡು ಬರುವ ದಾರಿ ಅದು. ಈ ಒಂದು ದಾರಿಯನ್ನು, ಎಲ್ಲೂ ಒಂದಿಂಚಿನ ಅಂಚೂ ಬಿಡದ ಹಾಗೆ, ಪೂರ್ತಿ ಮಾಡಿ. ಆಮೇಲೆ ಮುಂದಿನದು.

ಈ ದಾರಿಯಲ್ಲಿ ಏನೇನು ಎದುರಾಗುತ್ತದೆ ಅಂತ ಸ್ವಲ್ಪ ನೋಡೋಣ. ಮೊದಲನೆಯದು ದಾಟುವುದು. ಸಿಟಿ ಬಸ್ ನಿಲ್ದಾಣದ ಹತ್ತಿರ ಸಬ್‌ವೇ ಇದೆ. ಮೆಟ್ಟಿಲು ಇಳಿದು ಮತ್ತೆ ಮೆಟ್ಟಿಲು ಹತ್ತಬೇಕು. ವಾಹನಕ್ಕೆ ನೆಲ, ಮನುಷ್ಯನಿಗೆ ನೆಲಮಾಳಿಗೆ! ಯಾರಿಗೆ ಕಾಲು ಗಟ್ಟಿ ಇದೆಯೋ ಅವರು ಮೇಲೇ ಓಡಿ ದಾಟುತ್ತಾರೆ, ಯಾರಿಗೆ ಇಲ್ಲವೋ ಅವರಿಗೆ ಸಬ್‌ವೇ ಇಳಿಯೋಕೂ ಆಗಲ್ಲ. ಹಾಗಾದರೆ ಅದು ಯಾರಿಗೆ? ನನ್ನನ್ನು ಕೇಳಿದರೆ ಹಳೇ ಊರಿನಲ್ಲಿ ಸಬ್‌ವೇನೂ ಬೇಡ, ಸ್ಕೈವಾಕೂ ಬೇಡ. ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ದಾಟುದಾರಿ ಬೇಕು. ಮನುಷ್ಯ ಸಮತಟ್ಟಾಗಿ ಹೋಗುತ್ತಾನೆ, ಕಾರು ಹತ್ತಿ ಇಳಿಯುತ್ತದೆ, ತಾನಾಗೇ ನಿಧಾನ ಆಗುತ್ತದೆ.

ಸಿಗ್ನಲ್ ಇರುವ ಕಡೆ ಇನ್ನೊಂದು ಲೆಕ್ಕ. ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿದು ಹಸಿರು ದೀಪದ ಸಮಯ ಕೂಡಿಸುತ್ತಾರೆ. 15 ಮೀಟರ್ ರಸ್ತೆಗೆ 12-13 ಸೆಕೆಂಡ್ ಬರುತ್ತದೆ. ಕೋಲೂರಿಕೊಂಡು ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 19 ಸೆಕೆಂಡ್ ಬೇಕು. ಅಂದರೆ ದೀಪ ಕೆಂಪಾದಾಗ ಅಜ್ಜಿ ಇನ್ನೂ ಐದು ಮೀಟರ್ ಹಿಂದೆ, ರಸ್ತೆಯ ಮೇಲೆ. ಆರು ಸೆಕೆಂಡ್ ಜಾಸ್ತಿ ಕೊಡೋಕೆ ಕಲ್ಲು ಬೇಡ, ಸಿಮೆಂಟ್ ಬೇಡ, ಟೆಂಡರ್ ಬೇಡ. ಒಬ್ಬರು ಕೂತು ಸೆಟ್ಟಿಂಗ್ ಬದಲಾಯಿಸಿದರೆ ಆಯಿತು.

ಇನ್ನು ಬಸ್ ಸ್ಟಾಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾವು ತಂಗುದಾಣ ಕಟ್ಟಿದರೆ ಸ್ಟಾಪ್ ಆಯಿತು ಅಂದುಕೊಂಡಿದ್ದೇವೆ. ತಂಗುದಾಣ ನೆರಳಿಗೆ. ಸ್ಟಾಪ್ ಅಂದರೆ ಬಸ್ಸಿನ ಬಾಗಿಲೂ ನೆಲವೂ ಸೇರುವ ಜಾಗ. ಲೋ ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ 40 ಸೆಂಟಿಮೀಟರ್ ಎತ್ತರ. ಫುಟ್‌ಪಾತ್ 15 ಇದ್ದರೆ ಉಳಿದದ್ದು 25. ಬಸ್ಸು ಅಂಚಿಗೆ ತಾಗಿ ನಿಂತು, ಒಂದು ಮಡಚುವ ಹಲಗೆ ಬಿಚ್ಚಿದರೆ, ಯಾರಾದರೂ ಹಿಂದೆ ಒಂದು ಕೈ ಕೊಟ್ಟರೆ ವೀಲ್‌ಚೇರ್ ಒಳಗೆ ಹೋಗುತ್ತದೆ. ಸಾದಾ ಬಸ್ಸಿನ ನೆಲ ಇನ್ನೂ ಎತ್ತರ, ಮೆಟ್ಟಿಲು ಹತ್ತಲೇಬೇಕು. ಆದರೂ ಮೊದಲ ಮೆಟ್ಟಿಲಿಗೆ ರಸ್ತೆಯಿಂದ ಹತ್ತುವುದಕ್ಕೂ ಫುಟ್‌ಪಾತಿನಿಂದ ಹತ್ತುವುದಕ್ಕೂ ಅರ್ಧ ಅಡಿ ವ್ಯತ್ಯಾಸ. ಮಂಡಿ ನೋವಿನವರನ್ನು ಕೇಳಿ, ಆ ಅರ್ಧ ಅಡಿಯ ಬೆಲೆ ಹೇಳುತ್ತಾರೆ.

ಆದರೆ ಬಸ್ಸು ಅಂಚಿಗೆ ಬರುವುದೇ ಇಲ್ಲ. ಡ್ರೈವರ್ ಬೈದು ಪ್ರಯೋಜನ ಇಲ್ಲ. ಸ್ಟಾಪಿನ ಮುಂದೆ ಎರಡು ಆಟೋ, ಒಂದು ಕಾರು, ಒಂದು ತಳ್ಳುಗಾಡಿ. 12 ಮೀಟರ್ ಉದ್ದದ ಬಸ್ಸನ್ನು ಅವರು ಎಲ್ಲಿ ತೂರಿಸಬೇಕು? ರಸ್ತೆ ಮಧ್ಯದಲ್ಲಿ ನಿಲ್ಲಿಸುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಬಸ್ ಬೇ, ಅಂದರೆ ಫುಟ್‌ಪಾತನ್ನು ಕಚ್ಚಿ ಒಳಕ್ಕೆ ಜಾಗ ಮಾಡಿಕೊಡುವುದು. ಅದು ಇನ್ನೂ ಕೆಟ್ಟದ್ದು. ಮೊದಲೇ ಚಿಕ್ಕ ಫುಟ್‌ಪಾತ್ ಇನ್ನೂ ಚಿಕ್ಕದಾಯಿತು. ಆ ಖಾಲಿ ಜಾಗದಲ್ಲಿ ಆಟೋ ಬಂದು ನಿಂತವು. ಬಸ್ಸಿನ ಮೂತಿ ಒಳಗೆ ಹೋದರೆ ಹಿಂದಿನ ಬಾಗಿಲು ಹೊರಗೇ ಉಳಿಯಿತು. ಉಲ್ಟಾ ಮಾಡಬೇಕು. ಸ್ಟಾಪ್ ಇರುವ ಕಡೆ ಫುಟ್‌ಪಾತನ್ನೇ ಮುಂದಕ್ಕೆ ಚಾಚಬೇಕು, ಪಾರ್ಕಿಂಗ್ ಸಾಲಿನ ಅಗಲದಷ್ಟು. ಆಗ ಬಸ್ಸು ತನ್ನ ನೇರಕ್ಕೆ ಬಂದು ನಿಂತರೆ ಸಾಕು, ಬಾಗಿಲು ಅಂಚಿಗೇ ಬರುತ್ತದೆ. ಆಟೋ ನಿಲ್ಲಿಸಲು ಜಾಗವೇ ಇರುವುದಿಲ್ಲ. ತಂಗುದಾಣ ಆ ಚಾಚಿದ ಭಾಗದಲ್ಲಿ ಕೂರುತ್ತದೆ, ಹಿಂದೆ ನಡೆಯುವವರ ದಾರಿ ಖಾಲಿ ಉಳಿಯುತ್ತದೆ. ಹಿಂದೆ ವಾಹನ ಒಂದು ನಿಮಿಷ ಕಾಯಬೇಕಾಗುತ್ತದೆ. ಕಾಯಲಿ. ಬಸ್ಸಿನಲ್ಲಿ ಐವತ್ತು ಜನ ಇದ್ದಾರೆ, ಕಾರಿನಲ್ಲಿ ಒಬ್ಬ.

ಕಣ್ಣು ಕಾಣದವರ ಕಷ್ಟ ಬೇರೆ. ಇದು ನನಗೆ ಒಬ್ಬ ವಿದ್ಯಾರ್ಥಿ ಹೇಳಿಕೊಟ್ಟದ್ದು. ‘ಒಂದು ಬಸ್ ಬಂದರೆ ಪರವಾಗಿಲ್ಲ ಸಾರ್, ಮೂರು ಒಟ್ಟಿಗೆ ಬಂದರೆ ಮುಗೀತು’ ಅಂದರು. ಮುಂದಿನ ಬಸ್ಸು ಸ್ಟಾಪಿನಲ್ಲಿ ನಿಲ್ಲುತ್ತದೆ. ಹಿಂದಿನವು ದೂರದಲ್ಲೇ ನಿಂತು, ಇಳಿಯುವವರನ್ನು ಇಳಿಸಿ, ಪಕ್ಕದಿಂದ ಸರಕ್ಕಂತ ಹೊರಟುಹೋಗುತ್ತವೆ. ಇವರು ಪಕ್ಕದವರನ್ನು ‘ಎಷ್ಟನೇ ನಂಬರ್ ಅಣ್ಣಾ’ ಅಂತ ಕೇಳುವಷ್ಟರಲ್ಲಿ ಬಸ್ಸು ಸರ್ಕಲ್ಲಿನಲ್ಲಿರುತ್ತದೆ. ಹಿಂದೆ ಬಂದ ಬಸ್ಸೂ ಸ್ಟಾಪಿನ ಮುಂದೆ ಬಂದು ಇನ್ನೊಮ್ಮೆ ನಿಲ್ಲಬೇಕು. ಇದೊಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ. 2012ರಲ್ಲಿ ಮೈಸೂರಿಗೆ ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಂ ಬಂತು, ವಿಶ್ವಬ್ಯಾಂಕಿನ ನೆರವಿನಲ್ಲಿ. ಸುಮಾರು 500 ಬಸ್ಸಿಗೆ ಜಿಪಿಎಸ್ ಹಾಕಿದರು, ಸ್ಟಾಪುಗಳಲ್ಲಿ ಬಸ್ ಎಷ್ಟೊತ್ತಿಗೆ ಬರುತ್ತದೆ ಅಂತ ತೋರಿಸುವ ಬೋರ್ಡು ಇಟ್ಟರು. ದೇಶದಲ್ಲಿ ಮೊದಮೊದಲು ಇಂಥದ್ದು ಮಾಡಿದ ಊರುಗಳಲ್ಲಿ ನಮ್ಮದೂ ಒಂದು. ಆದರೆ ಬೋರ್ಡು ಓದಬೇಕಾದದ್ದು. ಕಣ್ಣು ಕಾಣದವರಿಗೆ ಬೇಕಾದದ್ದು ದನಿ. ನಮ್ಮ ಕಂಡಕ್ಟರುಗಳು ಮೊದಲಿನಿಂದಲೂ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆ ವ್ಯವಸ್ಥೆ ಯಾವ ಕಂಪ್ಯೂಟರೂ ಕೊಟ್ಟಿಲ್ಲ. ಈಗ ಬಾಗಿಲು ತಾನೇ ಮುಚ್ಚುತ್ತದೆ, ಕೂಗು ಕಡಿಮೆಯಾಗಿದೆ.

ಹಳದಿ ಟೈಲ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಉದ್ದ ಗೆರೆ ಇರುವುದು ‘ಹೀಗೇ ಹೋಗು’ ಅಂತ. ಚುಕ್ಕಿ ಇರುವುದು ‘ನಿಲ್ಲು, ಮುಂದೆ ಏನೋ ಇದೆ’ ಅಂತ. ಇದನ್ನು ಕಂಡುಹಿಡಿದದ್ದು ಜಪಾನಿನ ಸೇಯಿಚಿ ಮಿಯಾಕೆ ಅನ್ನುವವರು, 1965ರಲ್ಲಿ. ಮೊದಲು ಹಾಕಿದ್ದು 1967ರಲ್ಲಿ, ಒಕಯಾಮ ಊರಿನಲ್ಲಿ, ಕುರುಡರ ಶಾಲೆಯ ಹತ್ತಿರದ ರಸ್ತೆಯಲ್ಲಿ. ನಮ್ಮಲ್ಲಿ ಇದನ್ನು ಅಲಂಕಾರ ಅಂದುಕೊಂಡುಬಿಟ್ಟಿದ್ದಾರೆ. ಉದ್ದಕ್ಕೂ ಚುಕ್ಕಿ ಹಾಕಿರುವುದನ್ನು ನೋಡಿದ್ದೇನೆ. ಅದರ ಅರ್ಥ ‘ನಿಲ್ಲು, ನಿಲ್ಲು, ನಿಲ್ಲು’. ಗೆರೆ ಹಿಡಿದು ನಡೆದರೆ ನೇರ ಮರಕ್ಕೆ ಹೋಗಿ ಡಿಕ್ಕಿ ಹೊಡೆಯುವುದೂ ಇದೆ. ನಮ್ಮ ತಿಲಕ್‌ನಗರದಲ್ಲೂ ಕಿವುಡ ಮತ್ತು ಕುರುಡ ಮಕ್ಕಳ ಸರ್ಕಾರಿ ಶಾಲೆ ಇದೆ, ಮಹಾರಾಜರ ಕಾಲದ್ದು. ಜಪಾನಿನವರು ಶಾಲೆಯ ಹತ್ತಿರ ಶುರು ಮಾಡಿದ ಹಾಗೆ ನಾವೂ ಆ ಶಾಲೆಯಿಂದ ಹತ್ತಿರದ ಬಸ್ ಸ್ಟಾಪಿಗೆ ಶುರು ಮಾಡಬಹುದು. ಟೈಲ್ಸ್ ಹಾಕಿದ ಮೇಲೆ ಆ ಮಕ್ಕಳೇ ನಡೆದು ನೋಡಲಿ, ಅವರು ಸರಿ ಅಂದ ಮೇಲೆ ಬಿಲ್ ಆಗಲಿ.

‘ಪಾರಂಪರಿಕ ನಗರ, ಏನೂ ಮುಟ್ಟುವ ಹಾಗಿಲ್ಲ’ ಅನ್ನುವ ಮಾತು ಎಲ್ಲ ಸಭೆಯಲ್ಲೂ ಬರುತ್ತದೆ. ಸ್ವಲ್ಪ ಲೆಕ್ಕ ಹಾಕಿ. ಫುಟ್‌ಪಾತಿನಲ್ಲಿ ಅಡ್ಡ ಇರುವ ಯಾವ ವಸ್ತು ನೂರು ವರ್ಷ ಹಳೆಯದು? ಟ್ರಾನ್ಸ್‌ಫಾರ್ಮರ್? ಕೇಬಲ್ ಬಾಕ್ಸ್? ಫ್ಲೆಕ್ಸ್ ಕಟ್ಟುವ ಚೌಕಟ್ಟು? ಹಳೇ ಮೈಸೂರು ನಡೆಯುವವರಿಗೆ ಇದಕ್ಕಿಂತ ಒಳ್ಳೆಯದೇ ಇತ್ತು. ಪ್ಲೇಗಿನ ಕಾಲ ಕಳೆದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಬರುವ ಬಡಾವಣೆ, ಅಗಲದ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ ಕೊಳೆ ಸಾಗಿಸುವವರಿಗೆ ಬಿಟ್ಟ ಓಣಿ. ಆ ಗಲ್ಲಿಗಳು ಈಗಲೂ ಹಳೇ ಬಡಾವಣೆಗಳಲ್ಲಿ ಇವೆ, ಕಸ ಹಾಕೋಕೆ ಉಪಯೋಗ. ವಾಹನ ಇಲ್ಲದ, ಸಮತಟ್ಟಾದ, ಊರೊಳಗಿನ ದಾರಿ ಅದು. ಬೇರೆ ಊರಿನವರು ಅಂಥದ್ದನ್ನು ಕೋಟಿಗಟ್ಟಲೆ ಸುರಿದು ಮಾಡಿಕೊಳ್ಳುತ್ತಾರೆ.

ಯುರೋಪಿನಲ್ಲಿ ಎಲ್ಲರಿಗೂ ಸುಗಮವಾದ ಊರಿಗೆ ಪ್ರತಿ ವರ್ಷ ಒಂದು ಪ್ರಶಸ್ತಿ ಕೊಡುತ್ತಾರೆ. ಮೊದಲ ಸಲ, 2011ಕ್ಕೆ, ಅದು ಹೋದದ್ದು ಸ್ಪೇನಿನ ಆವಿಲಾ ಅನ್ನುವ ಊರಿಗೆ. ಮಧ್ಯಯುಗದ ಕೋಟೆಯ ಊರು. ಆ ಕೋಟೆ ಗೋಡೆಯ ಒಂದು ಭಾಗಕ್ಕೆ ವೀಲ್‌ಚೇರಿನಲ್ಲೂ ಹೋಗಬಹುದು. 2017ಕ್ಕೆ ಇಂಗ್ಲೆಂಡಿನ ಚೆಸ್ಟರ್‌ಗೆ ಬಂತು, ಅದೂ ಕೋಟೆಯ ಊರೇ. ಅವರ ದುಡ್ಡು ನಮ್ಮ ಹತ್ತಿರ ಇಲ್ಲ, ಒಪ್ಪಿದೆ. ಆದರೆ ‘ಹಳೇ ಊರಿನಲ್ಲಿ ಆಗಲ್ಲ’ ಅನ್ನುವ ಮಾತನ್ನು ಇನ್ನು ಬಿಡೋಣ.

ಹಳೇ ಊರಿನಲ್ಲಿ ಎಚ್ಚರ ಬೇಕಾದದ್ದು ಕಲ್ಲಿನ ವಿಷಯದಲ್ಲಿ. ಪಾರಂಪರಿಕ ಅಂದ ಕೂಡಲೇ ನಮ್ಮವರು ಉಬ್ಬುತಗ್ಗಿನ ಗುಂಡು ಕಲ್ಲು ಹಾಸುತ್ತಾರೆ. ನೋಡೋಕೆ ಚೆಂದ, ವೀಲ್‌ಚೇರಿನಲ್ಲಿ ಕೂತವರಿಗೆ ಹಲ್ಲು ಕಟಕಟ. ಇಲ್ಲಾಂದ್ರೆ ಕನ್ನಡಿ ಥರ ಪಾಲಿಶ್ ಮಾಡಿದ ಗ್ರಾನೈಟ್, ಮಳೆ ಬಂದರೆ ಎಲ್ಲರೂ ಜಾರುವುದೇ. ನಮ್ಮ ಹಳೇ ಚಪ್ಪಡಿಯೇ ಸಾಕು, ಉಳಿ ಹೊಡೆದು ಸ್ವಲ್ಪ ಒರಟು ಬಿಟ್ಟದ್ದು, ಸಂದು ಬಿಗಿಯಾಗಿ ಕೂರಿಸಿದ್ದು. ಹಳೇ ಕಟ್ಟಡದ ಬಾಗಿಲಿಗೆ ಇಳಿಜಾರು ಬೇಕಾದರೆ ಗೋಡೆಗೆ ಕಾಂಕ್ರೀಟ್ ಅಂಟಿಸಬೇಡಿ, ಬೇಕಾದಾಗ ತೆಗೆಯಬಹುದಾದ ಕಬ್ಬಿಣದ್ದೋ ಮರದ್ದೋ ಇಡಿ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದದ್ದು 2012ರಲ್ಲಿ, ದೇವರಾಜ ಮಾರುಕಟ್ಟೆಯದ್ದು 2016ರಲ್ಲಿ. ಉಳಿಸಬೇಕೋ ಕೆಡವಿ ಕಟ್ಟಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. ನಡೆಯಲಿ, ಅದು ದೊಡ್ಡ ಪ್ರಶ್ನೆ. ಆದರೆ ಅದು ತೀರ್ಮಾನ ಆಗುವವರೆಗೆ ಆ ಕಟ್ಟಡಗಳ ಎದುರಿನ ಫುಟ್‌ಪಾತ್ ಕೂಡ ಕಾಯಬೇಕು ಅನ್ನುವುದಕ್ಕೆ ಅರ್ಥ ಇಲ್ಲ.

ಮಾರುಕಟ್ಟೆ ಅಂದಾಗ ಬೀದಿ ವ್ಯಾಪಾರಿಗಳ ಮಾತು ಬರುತ್ತದೆ. ಅವರನ್ನು ಓಡಿಸಿದರೆ ಫುಟ್‌ಪಾತ್ ಸರಿಹೋಗುತ್ತದೆ ಅನ್ನುವುದು ನನಗೆ ಒಪ್ಪಿಗೆ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾನೂನಿನಲ್ಲಿ ಅವರಿಗೆ ಹಕ್ಕಿದೆ. ಚಿಕ್ಕ ಗಡಿಯಾರದ ಹತ್ತಿರ ಹೂವು ಮಾರುವಾಕೆ ಇಲ್ಲದಿದ್ದರೆ ಆ ಜಾಗ ಇನ್ನೂ ಒಳ್ಳೆಯದಾಗುತ್ತದಾ? ಕಣ್ಣು ಕಾಣದವರು ದಾರಿ ಕೇಳುವುದೇ ಅವರನ್ನು. ಗೋಡೆ ಬದಿಗೋ ಮರಗಳ ಸಾಲಿಗೋ ಅವರಿಗೆ ಗೆರೆ ಹಾಕಿ ಜಾಗ ಕೊಡಿ, ನಡುವಿನ ಆರಡಿ ಖಾಲಿ ಬಿಡಿಸಿ. ಗೆರೆ ಎಲ್ಲಿ ಅಂತ ಅವರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ. ಅಂಗಡಿಯವರು ಶಟರಿನಿಂದ ಆಚೆ ನಾಲ್ಕಡಿ ಸಾಮಾನು ಜೋಡಿಸುತ್ತಾರಲ್ಲ, ನನ್ನ ಕೋಪ ಅವರ ಮೇಲೆ ಜಾಸ್ತಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನಗರಾಡಳಿತ ಸಂಸ್ಥೆಗಳಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಅಂತ 5% ತೆಗೆದಿಡುತ್ತಾರೆ. ಅದರಲ್ಲಿ ತ್ರಿಚಕ್ರ ವಾಹನ, ಸಾಧನ ಸಲಕರಣೆ ಕೊಡುವುದು ರೂಢಿ. ಆ ದುಡ್ಡಿನಲ್ಲಿ ಇಳಿಜಾರು ಮಾಡಿ ಅಂತ ಕೆಲವರು ಹೇಳುತ್ತಾರೆ. ಬೇಡ. ರಸ್ತೆ ಸರಿಯಾಗಿ ಮಾಡುವುದು ಕಲ್ಯಾಣ ಕಾರ್ಯಕ್ರಮ ಅಲ್ಲ, ರಸ್ತೆ ಕೆಲಸವೇ. ಅದು ರಸ್ತೆಯ ಎಸ್ಟಿಮೇಟಿನಲ್ಲೇ ಬರಬೇಕು: ಹಳೇ ಡಾಂಬರು ಕೆರೆಯುವುದು ಒಂದು ಐಟಂ, ಚೇಂಬರ್ ಮುಚ್ಚಳ ಮಟ್ಟಕ್ಕೆ ತರುವುದು ಒಂದು ಐಟಂ. ಪ್ರತಿ ವರ್ಷ ದಸರಾ ಕಾಮಗಾರಿ ಅಂತ ಹೇಗೂ ನಡೆಯುತ್ತದೆ. ಕರ್ಬಿಗೆ ಬಣ್ಣ ಬಳಿಯುತ್ತಾರೆ, ಗುಂಡಿ ಮುಚ್ಚುತ್ತಾರೆ, ಅದೂ ಕೊನೆ ಗಳಿಗೆಯಲ್ಲಿ, ಮಳೆಯಲ್ಲಿ. ಅದನ್ನೇ ಬೇಸಿಗೆಯಲ್ಲಿ ಶುರು ಮಾಡಿ ವರ್ಷಕ್ಕೊಂದು ದಾರಿ ಪೂರ್ತಿ ಮಾಡಬಹುದು.

ಕಾನೂನಿಗೇನೂ ಕೊರತೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸುಗಮತೆಯ ಅಳತೆಗಳು ಬರೀ ಸಲಹೆ ಆಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಹೇಳಿತು. ನೀವು ಅರ್ಜಿ ಬರೆಯುವಾಗ ಈ ಎರಡನ್ನೂ ಸೇರಿಸಿ, ಜೊತೆಗೆ ಅಳತೆ ಸೇರಿಸಿ. ‘ಫುಟ್‌ಪಾತ್ ಸರಿ ಇಲ್ಲ’ ಅಂತ ಬರೆದರೆ ‘ಪರಿಶೀಲಿಸಲಾಗುವುದು’ ಅಂತ ಬರುತ್ತದೆ. ‘ಇಂಥ ಅಂಗಡಿ ಮುಂದೆ ಚೇಂಬರ್ ಎರಡು ಇಂಚು ಮೇಲಿದೆ’ ಅಂತ ಬರೆದರೆ ಯಾರಾದರೊಬ್ಬರು ಬಂದು ನೋಡಲೇಬೇಕು.

ಹಿಂದಿನ ಸಾಲಿನಲ್ಲಿ ಕೂತವರೊಬ್ಬರು ಚೀಟಿ ಕಳಿಸಿದ್ದಾರೆ: ‘ಇಳಿಜಾರು ಮಾಡಿದರೆ ಬೈಕಿನವರು ಹತ್ತಿಸುತ್ತಾರಲ್ಲ?’ ಹತ್ತಿಸುತ್ತಾರೆ, ನಿಜ. ಅದಕ್ಕೇ ಎಷ್ಟೋ ಕಡೆ ಬಾಯಿಗೆ ಕಂಬ ನೆಟ್ಟುಬಿಟ್ಟಿದ್ದಾರೆ, ಮನುಷ್ಯ ಅಡ್ಡ ತಿರುಗಿ ಹೋಗುವಷ್ಟೇ ಸಂದು. ವೀಲ್‌ಚೇರಿಗೆ ಕಂಬಗಳ ನಡುವೆ 90 ಸೆಂಟಿಮೀಟರ್ ಆದರೂ ಬೇಕು. ಅಷ್ಟು ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಎರಡನ್ನೂ ಬೇರೆ ಮಾಡುವ ಕಂಬ ಇಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ 2021ರಲ್ಲಿ ಅಷ್ಟೆಲ್ಲ ಖರ್ಚು ಮಾಡಿ ಹಗಲು ವಾಹನ ನಿಲ್ಲಿಸಿದರು. ಅಲ್ಲೂ ಬೈಕುಗಳು ನುಸುಳುತ್ತವೆ. ಹಾಗಾಗಿ ಆಯ್ಕೆ ಮಾಡಬೇಕು. ನಾನಂತೂ ಕಂಬ ಕೀಳಿಸಿ ಅನ್ನುವವನು. ಫುಟ್‌ಪಾತಿಗೆ ಹತ್ತಿದ ಬೈಕಿಗೆ ದಂಡ ಹಾಕಬಹುದು, ನಂಬರ್ ಪ್ಲೇಟ್ ಇದೆ, ಸರ್ಕಲ್ಲಿನಲ್ಲಿ ಕ್ಯಾಮೆರಾ ಇದೆ. ಹೆಲ್ಮೆಟ್ ಇಲ್ಲ ಅಂತ ಮನೆಗೆ ನೋಟಿಸ್ ಬರುತ್ತದಲ್ಲ, ಇದಕ್ಕೂ ಹಾಗೇ ಕಳಿಸಲಿ.